ಪೌಡರ್ ಡಬ್ಬಿಯಲ್ಲಿದ್ದ ಮುಲಾಮು

ಇಸವಿ 2294, ಫೆಬ್ರವರಿ 30, ಮಧ್ಯಾಹ್ನ
ಕೋಲಾರದ ಒಳನೆಲ, ಮೂರನೆಯ ಪದರ, ಆಸ್ಪತ್ರೆಯ ಪಡಸಾಲೆ

ಪೂಜ್ಯ ಗಂಗರತ್ನಮ್ಮಜ್ಜಿಯವರಿಗೆ, ನಿಮ್ಮ ವಂಶದ ಒಂಬತ್ತನೆಯ ತಲೆಮಾರಿನ ಮುನಿಲಕ್ಷ್ಮಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನಗಳಿಗೆ ಹೆಸರಿಲ್ಲ. ನನ್ನ ಕೆಲವು ಮಾತುಗಳು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಕಳೆದ ಕಾಲಕ್ಕೆ ಕಾಗದ ಒಯ್ಯುವ ಈ ಅಂಚೆಯನ್ನು ಒಬ್ಬರು ಜೀವಮಾನದಲ್ಲಿ ಒಂದೇ ಸಲ ಬಳಸಬಹುದು. ತೀರಿಹೋದ ನನ್ನ ಅಪ್ಪನಿಗೆ ಬರೆಯಲೆಂದು ಉಳಿಸಿಕೊಂಡಿದ್ದೆ. ಇವತ್ತು ನಿಮಗೆ ಬರೆಯುತ್ತಿದ್ದೇನೆ. ನಿಜ ಹೇಳಬೇಕೆಂದರೆ, ಸಿಟ್ಟಿನಿಂದ.

ನನ್ನ ಮಗಳು ತಾರಿಣಿ ಗಾಜಿನ ಗೋಡೆಯ ಆಚೆ ಮಲಗಿದ್ದಾಳೆ. ಅಡಿಯಿಂದ ಮುಡಿಯವರೆಗೆ ಚರ್ಮ ಕೆಂಪಾಗಿ ಸುಲಿಯುತ್ತಿದೆ. ಒಮ್ಮೆ ಮೈ ಸುಡುತ್ತದೆ, ಒಮ್ಮೆ ಚಳಿಯಿಂದ ನಡುಗುತ್ತದೆ. ರಕ್ತದೊತ್ತಡ ಬೆಳಗಿನಿಂದ ಇಳಿಯುತ್ತಲೇ ಇತ್ತು. ಬದುಕುತ್ತಾಳೆ ಎಂದು ಇಲ್ಲಿಯವರೆಗೆ ಯಾರೂ ಹೇಳಿಲ್ಲ.

ನಾವಿರುವುದು ನಿಮ್ಮ ಕಾಲದಲ್ಲಿ ಪಾಳುಬಿದ್ದಿದ್ದ ಚಿನ್ನದ ಗಣಿಯ ಸುರಂಗಗಳಲ್ಲಿ. ಮೇಲಿನ ಬಿಸಿಲು ತಡೆಯಲಾಗದು. ವಾರಕ್ಕೆ ಹದಿನೈದು ನಿಮಿಷ ಗಾಜಿನ ಮಾಳಿಗೆಗೆ ಹತ್ತಿ ಸೋಸಿದ ಬಿಸಿಲಿಗೆ ಮೈಯೊಡ್ಡುತ್ತೇವೆ. ಇದಕ್ಕೆ ಬಿಸಿಲುಸರದಿ ಎನ್ನುತ್ತಾರೆ. ಬಿಸಿಲು ತಾಗಿದರೆ ತಗ್ಗುವ ಸೋರಿಯಾಸಿಸ್ ಇರುವ ನಮ್ಮ ಚರ್ಮಕ್ಕೆ ಅದು ಯಾವ ಮೂಲೆಗೂ ಸಾಲದು. ನಿಮ್ಮ ಮೊಣಕೈ ಮೇಲೆ ಏಳುವ ಆ ಬಿಳಿ ಹೊಟ್ಟು ಬಂಗಾರಪೇಟೆಯ ನಿಮ್ಮ ಮನೆಯಿಂದ ಇಲ್ಲಿಯವರೆಗೂ ಇಳಿದು ಬಂದಿದೆ. ಇಲ್ಲಿ ಬೀಗಗಳಿಲ್ಲ, ಅಂಗೈಬಾಗಿಲುಗಳಿವೆ. ಕೈಯ ಗೆರೆ ಓದಿ ತೆರೆಯುತ್ತವೆ. ಅಂಗೈಯಲ್ಲಿ ಹೊಟ್ಟೆದ್ದರೆ ಬಾಗಿಲು ತೆರೆಯುವುದಿಲ್ಲ, ಹಿಂದೆ ನಿಂತವರೆಲ್ಲ ಇಣುಕುತ್ತಾರೆ. ಇದು ಅಂಟುಕಾಯಿಲೆ ಅಲ್ಲವೆಂದು ಮುನ್ನೂರು ವರ್ಷಗಳಿಂದ ಹೇಳುತ್ತಿದ್ದರೂ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಜನರ ಬುದ್ಧಿ ಮಾತ್ರ ನಿಮ್ಮ ಕಾಲದ್ದೇ.

ಈ ಕಾಗದ ತಲುಪಿದ ಮರುದಿನ ನಿಮ್ಮ ಮಗಳನ್ನು ನೋಡಲು ಗಂಡಿನವರು ಬರುತ್ತಾರೆ. ಅವರ ಕಣ್ಣಿಗೆ ಬೀಳಬಾರದೆಂದು ನೀವು ಮುಲಾಮಿನ ಟ್ಯೂಬನ್ನು ಹಿಂಡಿ ಪೌಡರ್ ಡಬ್ಬಿಗೆ ತುಂಬಿ, ಟ್ಯೂಬನ್ನು ಹಿತ್ತಲಲ್ಲಿ ಸುಟ್ಟುಹಾಕುತ್ತೀರಿ. ಅದೇ ನಮ್ಮಲ್ಲಿ ಪದ್ಧತಿಯಾಗಿಹೋಯಿತು. ಗಂಡನ ಮನೆಗೆ ಹೋಗುವ ಹೆಣ್ಣುಮಕ್ಕಳಿಗೆ ತಾಯಂದಿರು ಅರಿಶಿನ ಕುಂಕುಮದ ಜೊತೆ ಎರಡು ಡಬ್ಬಿ ಕೊಡುತ್ತಾರೆ. 'ಗಂಗರತ್ನಮ್ಮನ ಡಬ್ಬಿ' ಎಂದೇ ಅವುಗಳ ಹೆಸರು. ಒಂದರಲ್ಲಿ ಅಂಗೈಯ ದಪ್ಪ ಚರ್ಮಕ್ಕೆ ಹಚ್ಚುವ ಕಡು ಸ್ಟೀರಾಯ್ಡ್ ಮುಲಾಮು, ಇನ್ನೊಂದರಲ್ಲಿ ಮೈ ಒಣಗದಂತೆ ಸವರುವ ಬರೀ ಜಿಡ್ಡು. ಎರಡೂ ಬೆಳ್ಳಗೆ, ಎರಡರ ಮೇಲೂ ಚೀಟಿಯಿಲ್ಲ. ನಾನೂ ಹಾಗೆಯೇ ಕೊಟ್ಟೆ.

ತಾರಿಣಿ ಡಬ್ಬಿ ಅದಲುಬದಲು ಮಾಡಿಕೊಂಡು ಕಡು ಮುಲಾಮನ್ನೇ ಐದು ತಿಂಗಳು ಮೈಗೆಲ್ಲ ಸವರಿದಳು. ಕಲೆಗಳೆಲ್ಲ ಮಾಯವಾದಾಗ ಅವಳ ಖುಷಿ ನೋಡಬೇಕಿತ್ತು. ಖಾಲಿ ಡಬ್ಬಿ ಕಳಿಸಿದಾಗಲೆಲ್ಲ ನಾನು ತುಂಬಿಸಿ ಕೊಟ್ಟೆ. ಇಷ್ಟೇಕೆ ಬೇಕೆಂದು ಒಮ್ಮೆಯೂ ಕೇಳಲಿಲ್ಲ. ಆ ವಿಷಯ ಬಾಯಿಬಿಟ್ಟು ಆಡುವುದು ನಮ್ಮಲ್ಲಿ ಇಲ್ಲವಲ್ಲ. ಹೋದ ತಿಂಗಳು ಅತ್ತೆಯ ತವರಿಗೆ ಹದಿನೈದು ದಿನ ಹೋದಳು. ಎಲ್ಲರೂ ಒಂದೇ ಕೋಣೆಯಲ್ಲಿರಬೇಕಾದ್ದರಿಂದ ಡಬ್ಬಿಯನ್ನು ಮನೆಯಲ್ಲೇ ಬಿಟ್ಟಳು.

ನಮ್ಮ ಚರ್ಮಕ್ಕೆ ಅವಸರ, ಅಜ್ಜಿ. ತಿಂಗಳ ಕೆಲಸವನ್ನು ನಾಲ್ಕೈದು ದಿನದಲ್ಲಿ ಮುಗಿಸಲು ಹೋಗಿ ಹೊಟ್ಟು ರಾಶಿ ಹಾಕುತ್ತದೆ. ಮೈ ಕಾಯುವ ಕಣಗಳು ವೈರಿಯೇ ಇಲ್ಲದೆ ಜಗಳಕ್ಕೆ ನಿಂತು ಉರಿಯೂತ ಎಬ್ಬಿಸುತ್ತವೆ. ಸ್ಟೀರಾಯ್ಡ್ ಮುಲಾಮು ಆ ಜಗಳ ಬಿಡಿಸುತ್ತದೆ, ಕೆಂಪು ಇಳಿಯುತ್ತದೆ. ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದರೆ ಒಳ್ಳೆಯ ಔಷಧಿಯೇ. ತಿಂಗಳುಗಟ್ಟಲೆ ಮೈಗೆಲ್ಲ ಮೆತ್ತಿದರೆ ಚರ್ಮ ತೆಳ್ಳಗಾಗಿ, ಔಷಧಿ ರಕ್ತಕ್ಕಿಳಿದು, ಮೈ ತಾನೇ ತಯಾರಿಸುವ ಸ್ಟೀರಾಯ್ಡನ್ನು ಕಡಿಮೆ ಮಾಡಿಬಿಡಬಹುದಂತೆ. ಆಮೇಲೆ ಥಟ್ಟನೆ ಬಿಟ್ಟರೆ ಅಡಗಿದ್ದ ಉರಿ ಮೈತುಂಬ ಏಳುತ್ತದೆ, ರಕ್ತದೊತ್ತಡವೂ ಕುಸಿಯಬಹುದು.

ಡಾಕ್ಟರು ಇದನ್ನು ವಿವರಿಸಿದ್ದು ನಾನು ನಿಜ ಹೇಳಿದ ಮೇಲೆ. ಬೆಳಗ್ಗೆ ಅವರು, "ಏನ್ ಹಚ್ತಿದ್ರು, ಎಷ್ಟು ದಿನ ಹಚ್ಚಿದ್ರು, ಅಷ್ಟು ಹೇಳಿ ಸಾಕಮ್ಮ" ಎಂದು ಕೇಳಿದಾಗ ಪಕ್ಕದಲ್ಲಿ ತಾರಿಣಿಯ ಅತ್ತೆ ಅಕ್ಕಯ್ಯಮ್ಮ ನಿಂತಿದ್ದರು. ತಾರಿಣಿ ನನ್ನ ಸೆರಗು ಹಿಡಿದು ಬೇಡವೆಂದು ತಲೆಯಾಡಿಸಿದಳು. ನಾನು, "ಬರೀ ಪೌಡರ್ರು ಡಾಕ್ಟ್ರೇ" ಎಂದೆ. ಹೆತ್ತ ತಾಯಿ ಆಡಿದ ಮಾತು ಇದು. ಮೂರು ಗಂಟೆ ಹಾಗೆಯೇ ಕೂತಿದ್ದೆ. ಅವಳಿಗೆ ಪ್ರಜ್ಞೆ ತಪ್ಪಿದ ಮೇಲೆ ಎಲ್ಲವನ್ನೂ ಹೇಳಿದೆ. ಅವಳ ಮೈಗೆ ಕಡಿಮೆಬಿದ್ದ ಸ್ಟೀರಾಯ್ಡನ್ನು ಸೂಜಿಯಲ್ಲಿ ಕೊಡಲು ಡಾಕ್ಟರು ಒಳಗೆ ಓಡಿದರು. ಅಕ್ಕಯ್ಯಮ್ಮ ನನ್ನನ್ನೇ ನೋಡಿ, "ನಮ್ಗೊಂದು ಮಾತು ಹೇಳಿದ್ರೆ ಏನಾಗ್ತಿತ್ತು ಬೀಗ್ತಿ?" ಎಂದರು.

ಈ ಕಾಗದದಿಂದ ನನ್ನ ಪಾಲಿಗೆ ನಡೆದದ್ದೇನೂ ಬದಲಾಗುವುದಿಲ್ಲವೆಂದು ಹಿಂದಂಚೆಯವರು ಮೊದಲೇ ತಿಳಿಸಿದ್ದಾರೆ. ನಿಮ್ಮಿಂದ ಹೊಸದೊಂದು ಕವಲು ಒಡೆಯಬಹುದಂತೆ, ಅಲ್ಲಿ ಇನ್ನೊಬ್ಬ ತಾರಿಣಿ ಹುಟ್ಟಬಹುದಂತೆ. ಅವಳಿಗಾಗಿ ಬೇಡುತ್ತೇನೆ: ಟ್ಯೂಬು ಟ್ಯೂಬಿನಂತೆಯೇ ಇರಲಿ, ಎಲ್ಲರಿಗೂ ಕಾಣುವಂತೆ ಇರಲಿ. ಗಂಡಿನವರು ಕೇಳಿದರೆ ಹೇಳಿ, ಕೇಳದಿದ್ದರೂ ಹೇಳಿ. ಸಂಬಂಧ ಮುರಿದರೆ ಮುರಿಯಲಿ. ಡಾಕ್ಟರನ್ನು ಕೇಳದೆ ಹಚ್ಚಬೇಡಿ, ಕೇಳದೆ ಬಿಡಲೂ ಬೇಡಿ.

ರಕ್ತದೊತ್ತಡ ತುಸು ಏರಿದೆಯೆಂದು ನರ್ಸ್ ಈಗಷ್ಟೇ ಹೇಳಿಹೋದಳು. ಗಾಜಿನ ಆಚೆ ಅಕ್ಕಯ್ಯಮ್ಮ ಕೈ ತೊಳೆದು ಬಂದು ತಾರಿಣಿಯ ಬೆನ್ನಿಗೆ ಬರಿಗೈಯಲ್ಲಿ ಜಿಡ್ಡು ಸವರುತ್ತಿದ್ದಾರೆ. ನಮ್ಮ ರಕ್ತಸಂಬಂಧವಿಲ್ಲದ ಒಬ್ಬರು ನನ್ನ ಮಗಳ ಬೆನ್ನು ಮುಟ್ಟಿದ್ದನ್ನು ನಾನು ನೋಡುತ್ತಿರುವುದು ಇದೇ ಮೊದಲು. ಅದನ್ನು ಅವಳು ನೋಡಬೇಕು. ಕಣ್ಣು ಬಿಡಬೇಕು, ಅಜ್ಜಿ. ಇನ್ನೂ ಬಿಟ್ಟಿಲ್ಲ.

ಇಂತಿ,
ಮುನಿಲಕ್ಷ್ಮಿ