ಗುತ್ತೆವ್ವ ನುಡಿಸಿದ ಜೋಗುಳ

ಹಿರೇಕೆರೂರು
14 ಜುಲೈ 2025

ತಮ್ಮಾ ಮಹಾಂತೇಶ, ನೂರು ಕಾಲ ಬಾಳು.

ಶಿಗ್ಗಾಂವಿಯಲ್ಲಿ ನೀನು, ನಿನ್ನ ಹೆಂಡತಿ, ಮಕ್ಕಳು ಆರಾಮ ಇದ್ದೀರೆಂದು ನಂಬಿದ್ದೇನೆ. ನಾನೂ ಇದ್ದೇನೆ. ನಿನ್ನ ಫೋನು ಎತ್ತಲಿಲ್ಲ, ಮೆಸೇಜಿಗೂ ಉತ್ತರ ಕೊಡಲಿಲ್ಲ. ಬಾಯಿಬಿಟ್ಟರೆ ಅಳು ಬರುತ್ತದೆ, ಇಲ್ಲವೇ ಬೈಗುಳ ಬರುತ್ತದೆ. ಅದಕ್ಕೇ ಇಷ್ಟು ತಡವಾಗಿ ಕಾಗದ ಹಿಡಿದು ಕೂತಿದ್ದೇನೆ.

ಪಿಯಾನೊ ಪಾಠ ಎಂದಿನಂತೆ ನಡೆದಿದೆ. ಏಳು ವರ್ಷದ ಅಂಕಿತಾ ಈಗ ಎರಡೂ ಕೈ ಕೂಡಿಸಿ ನುಡಿಸುತ್ತಾಳೆ. ನಿವೃತ್ತ ಬಸ್ ಡ್ರೈವರ್ ಮಲ್ಲೇಶಪ್ಪನವರು ಪೆಡಲ್ ಸಿಕ್ಕರೆ ಸಾಕು, ಬ್ರೇಕಿನ ಹಾಗೆ ತುಳಿಯುತ್ತಾರೆ. ಬರುವುದು ಬಿಟ್ಟಿರುವವಳು ಹಂಸಭಾವಿಯ ಗುತ್ತೆವ್ವ ಒಬ್ಬಳೇ.

ಆಕೆಯ ಸಂಗತಿ ನಿನಗೆ ಪೂರ್ತಿ ಗೊತ್ತಿಲ್ಲ. ಸುತ್ತಲಿನ ಊರುಗಳಲ್ಲಿ ಮದುವೆಯಿರಲಿ, ಕೂಸನ್ನು ತೊಟ್ಟಿಲಿಗೆ ಹಾಕುವುದಿರಲಿ, ಪದ ಹಾಡಲು ಆಕೆಯೇ ಬೇಕಿತ್ತು. ಗಂಟಲಲ್ಲಿ ಗಡ್ಡೆಯೆದ್ದು ಆಪರೇಷನ್ ಆದ ಮೇಲೆ ದನಿ ಹೋಯಿತು. ಉಳಿದದ್ದು ಬರೀ ಕರಕರ ಸದ್ದು. ಹೋದ ದೀಪಾವಳಿ ಮುಗಿದ ಮೇಲೆ ನನ್ನ ಬಾಗಿಲಿಗೆ ಬಂದು ನಿಂತಳು.

"ಅಕ್ಕೋರ, ಮಕ್ಕಳಿಗೆ ಕಲಸ್ತೀರಂತ. ನನ್ನಂಥಾ ಮುದುಕಿಗೂ ಕಲಸ್ತೀರೇನ್ರಿ? ಗಂಟಲಾಗಿನ ಪದಾ ಬೆರಳಾಗ ಬರ್ತಾವೇನ ನೋಡಬೇಕಾಗೈತಿ."

"ಯಾಕ ಕಲಸೂದಿಲ್ರಿ, ಒಳಗ ಬರ್ರಿ" ಅಂದೆ.

ಹೊಲದ ಕೆಲಸಕ್ಕೆ ಬಿರುಸಾದ ಬೆರಳು. ಬಿಳಿ ಕೀಗಳು ಹೊಲಸಾದಾವೆಂದು ಪ್ರತಿ ಸಲ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು. ಸ್ವರಗಳ ಹೆಸರು ತಲೆಗೆ ಹತ್ತಲಿಲ್ಲ. ಆದರೆ ಪದದ ಒಂದು ಸಾಲನ್ನು ತಾನೇ ಗೊಗ್ಗರು ದನಿಯಲ್ಲಿ ಅಂದುಕೊಂಡು, ಅದರ ಜಾಗ ಎಲ್ಲಿದೆಯೆಂದು ತಡವಿ ತಡವಿ ಹಿಡಿಯುತ್ತಿದ್ದಳು. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಹಾಡಲಾಗದೆ ಉಳಿದ ಜೋಗುಳವನ್ನು ಯುಗಾದಿಯ ಹೊತ್ತಿಗೆ ಪೂರ್ತಿ ನುಡಿಸಿದಳು. ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಹೋಗಿ ಅತ್ತೆ.

ಆಮೇಲಿನದು ನೀನೇ ಕಂಡಿದ್ದೀ. ಜೂನಿನಲ್ಲಿ ವಿದ್ಯಾರ್ಥಿಗಳ ಕಾರ್ಯಕ್ರಮ ಇಟ್ಟುಕೊಂಡಾಗ ನೀನು ಮುಂದಿನ ಸಾಲಿನಲ್ಲೇ ಕೂತಿದ್ದೆ. ಗುತ್ತೆವ್ವ ಹಸಿರು ಇಳಕಲ್ ಸೀರೆಯುಟ್ಟು ಬಂದಿದ್ದಳು. ಚೆನ್ನಾಗಿಯೇ ಶುರು ಮಾಡಿದಳು. ನಡುವೆ ಎಲ್ಲೋ ಬೆರಳು ದಾರಿ ತಪ್ಪಿತು. ಮನೆಯಲ್ಲಿ ಮಾಡಿದಂತೆ ಸಾಲನ್ನು ಬಾಯಲ್ಲಿ ಅಂದುಕೊಂಡು ಹುಡುಕಿದಳು. ಮೈಕು ಹತ್ತಿರದಲ್ಲೇ ಇತ್ತು. ಆ ಕರಕರ ದನಿ ಸಭಾಂಗಣವನ್ನೆಲ್ಲ ತುಂಬಿತು, ಜನ ಗೊಳ್ಳೆಂದರು. ಅವಳು ಎದ್ದು, ಪಿಯಾನೊಗೆ ಕೈಮುಗಿದು ಇಳಿದುಹೋದಳು.

ವಾರ ಕಳೆಯುವುದರೊಳಗೆ ಎಲ್ಲರ ಫೋನಿನಲ್ಲೂ ಅದೇ ವಿಡಿಯೊ. ಕೊನೆಗೆ ಕತ್ತೆಯ ಕೂಗು ಸೇರಿಸಿ, "ಪಿಯಾನೊ ಅಜ್ಜಿ" ಎಂದು ಹೆಸರು ಹಾಕಿದ್ದರು. ಬಸ್ಸಿನಲ್ಲಿ ಕಾಲೇಜು ಹುಡುಗರು ಅವಳನ್ನು ಸುತ್ತುವರಿದು, "ಅಜ್ಜಿ, ಒಂದ ಪದಾ ಹೇಳಬೇ" ಎಂದು ಕಾಡಿದರಂತೆ. ಅಂದೇ ಕೊನೆ, ಮತ್ತೆ ಬರಲಿಲ್ಲ.

ಮೊನ್ನೆ ನಾನೇ ಹಂಸಭಾವಿಗೆ ಹೋದೆ. ಅವಳ ಮಗ ಫಕ್ಕೀರಪ್ಪ ಕಟ್ಟೆಯ ಮೇಲಿದ್ದ. ಕೂಡ್ರಿ ಎಂದೂ ಅನ್ನಲಿಲ್ಲ.

"ಸಾಕ್ರಿ ಅಕ್ಕೋರ, ನೀವು ಕಲಿಸಿದ್ದು. ಸಂತಿಗೆ ಹೋದ್ರ ನನ್ನ ನೋಡಿ ಕತ್ತಿ ಕೂಗಿದಂಗ ಕೂಗ್ತಾರ. ನಮ್ಮವ್ವನ್ನ ಇನ್ನ ಕಳಸೂದಿಲ್ಲ."

ಗುತ್ತೆವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ನೋಡಿ ಕೈ ನಿಲ್ಲಿಸಿದಳು.

"ಅಂವಾ ಬ್ಯಾಡಂದದ್ದಕ್ಕ ಅಲ್ರಿ ಅಕ್ಕೋರ. ದನಿ ಹೋದ ಮ್ಯಾಲೂ ಮನಸಿನ್ಯಾಗ ಹಾಡ್ಕೋಂತನ ರೊಟ್ಟಿ ಬಡೀತಿದ್ನಿ. ಈಗ ಪದಾ ನೆನಸಿದ್ರ ಸಾಕು, ಆ ನಗೂನ ಕೇಳತೈತಿ. ಪದಾ ಬರವಲ್ದು."

ಅವಳು ಬಿಸಿ ರೊಟ್ಟಿ ಕೊಟ್ಟಳು. ತಿನ್ನಲಾಗದೆ ಚೀಲದಲ್ಲಿ ಹಾಕಿಕೊಂಡು ಬಂದೆ. ಅವಳ ಪಾಠದ ಹೊತ್ತಿಗೆ ಯಾರನ್ನೂ ಸೇರಿಸಿಕೊಂಡಿಲ್ಲ. ಕೇಳಿ ಬಂದ ಇಬ್ಬರನ್ನು ವಾಪಸ್ ಕಳಿಸಿದ್ದೇನೆ.

ನಿನ್ನ ಮಕ್ಕಳು ಚೆನ್ನಾಗಿ ಓದಲಿ. ಅವರಿಗೆ ಯಾರ ಕಣ್ಣೂ ತಾಗದಿರಲಿ, ಯಾರೂ ಅವರನ್ನು ನೋಡಿ ನಗದಿರಲಿ.

ನಿನ್ನ ಅಕ್ಕ,
ಶೈಲಾ

ತಾ.ಕ.: ಆ ವಿಡಿಯೊ ಯಾರು ತೆಗೆದದ್ದೆಂದು ಇಲ್ಲಿ ಎಲ್ಲರೂ ಕೇಳುತ್ತಾರೆ. ನಾನು ಯಾರಿಗೂ ಹೇಳಿಲ್ಲ. ಜನ ಗೊಳ್ಳೆನ್ನುವುದಕ್ಕೂ ಮೊದಲು, ಫೋನಿಗೆ ತೀರ ಹತ್ತಿರದಲ್ಲಿ ಒಬ್ಬನೇ ನಗುತ್ತಾನೆ. ಮೂಗಿನಲ್ಲಿ ಶುರುವಾಗಿ, ಉಸಿರು ಕಟ್ಟಿ, ಆಮೇಲೆ ಒಡೆಯುವ ನಗು. ಅವ್ವ ಸತ್ತಾಗ ನಿನಗೆ ನಾಲ್ಕು ವರ್ಷ; ತಿಂಗಳುಗಟ್ಟಲೆ ನೀನು ನಗಲೇ ಇಲ್ಲ. ಆ ನಗು ಮರಳಿ ಬರಲೆಂದು ನಿನ್ನ ಮುಂದೆ ಕುಣಿದವಳು ನಾನು. ನನಗೆ ಗುರುತು ಸಿಗುವುದಿಲ್ಲವೇನೋ? ಈ ಸಲ ನಾಗರಪಂಚಮಿಗೆ ನನ್ನನ್ನು ತವರಿಗೆ ಕರೆದೊಯ್ಯಲು ಬರಬೇಡ.