ದೀಪ ಉರಿಯುತ್ತಿದೆ, ಹಾಲು ಕೆಟ್ಟಿದೆ

ಗೃಹಬಳಕೆಯ ಯಂತ್ರಗಳನ್ನು ಮಾರುವ ಕಂಪನಿಯೊಂದರ ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ

ಮಾನ್ಯರೇ,

ನಮ್ಮ ಮನೆಯ ಫ್ರಿಜ್ಜಿನಲ್ಲಿ ದೀಪ ಉರಿಯುತ್ತಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ವಿಭಾಗಕ್ಕೆ ತಿಳಿಯಬೇಕಾದದ್ದು ಇಷ್ಟೇ ಎಂಬುದು ನನಗೆ ಈಗ ಚೆನ್ನಾಗಿ ಮನದಟ್ಟಾಗಿದೆ. ದೀಪ ಬೆಳ್ಳಗೆ, ನಿಶ್ಚಲವಾಗಿ, ನಾಚಿಕೆಯ ಸುಳಿವೂ ಇಲ್ಲದೆ ಉರಿಯುತ್ತಿದೆ. ಅದರ ಬೆಳಕಿನಲ್ಲಿ ಕೆಟ್ಟ ಹಾಲು, ಕೊಳೆತ ಟೊಮೇಟೊ, ಕರಗಿ ತಟ್ಟೆಗೆಲ್ಲ ಹರಡಿದ ಬೆಣ್ಣೆ ಬಹಳ ಸ್ಪಷ್ಟವಾಗಿ ಕಾಣುತ್ತವೆ. ತಣ್ಣಗೆ ಮಾಡುವುದಿಲ್ಲ ಎಂಬುದೊಂದನ್ನು ಬಿಟ್ಟರೆ ನೀವು ಮಾರಿದ ಫ್ರಿಜ್ಜಿಗೆ ಬೇರೆ ಯಾವ ಕಾಯಿಲೆಯೂ ಇಲ್ಲ.

ಇದನ್ನು ನಿಮಗೆ ಖಾಸಗಿಯಾಗಿ ಬರೆಯಬಹುದಿತ್ತಲ್ಲ ಎನ್ನುತ್ತೀರಿ. ಬರೆದೆ. ‘ತಮ್ಮ ಅಹವಾಲನ್ನು ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂದು ಉತ್ತರ ಬಂತು. ನಾನು ನಿವೃತ್ತ ಟೈಪಿಸ್ಟ್. ಕಚೇರಿಯಲ್ಲಿ ಕೂತು ಈ ವಾಕ್ಯವನ್ನು ಎಷ್ಟು ಸಲ ಕುಟ್ಟಿದ್ದೇನೆಂದರೆ ನಿದ್ದೆಯಲ್ಲಿ ಎಬ್ಬಿಸಿದರೂ ತಪ್ಪಿಲ್ಲದೆ ಕುಟ್ಟಬಲ್ಲೆ. ಅದರ ನಿಜವಾದ ಅರ್ಥವೂ ನನಗೆ ಗೊತ್ತು: ಕಾಗದವನ್ನು ಕಡತಕ್ಕೆ ಸೇರಿಸಿ ಟೀ ಕುಡಿಯಲು ಹೋಗಲಾಗುವುದು. ಹಾಗಾಗಿ ಈ ಸಲ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ನನ್ನ ಮಗಳು ನಗರದ ಬಸ್ಸು ಓಡಿಸುತ್ತಾಳೆ. ಹೆರಿಗೆಯ ರಜೆ ಮುಗಿದಾಗ ಅವಳ ಕೂಸಿಗೆ ಆಗಷ್ಟೇ ಕತ್ತು ನಿಂತಿತ್ತು. ಕೆಲಸವನ್ನೂ ಬಿಡುವುದಿಲ್ಲ, ಮಗುವಿಗೆ ತನ್ನ ಹಾಲನ್ನೂ ತಪ್ಪಿಸುವುದಿಲ್ಲ ಎಂದು ಅವಳು ಹಟ ಹಿಡಿದಳು. "ನಾನು ಮನೇಲಿಲ್ದಿದ್ರೆ ಏನಮ್ಮ, ಹಾಲು ಇರುತ್ತಲ್ಲ. ನೀನು ಕುಡಿಸು" ಅಂದಳು. ಅವಳ ಡಿಪೋದಲ್ಲಿ ಇದಕ್ಕೆಂದು ಕೋಣೆಯಿಲ್ಲ. ಹಳೆಯ ಟೈರು ಪೇರಿಸಿಟ್ಟ ಉಗ್ರಾಣವೊಂದಿದೆ. ಅದಕ್ಕೆ ಚಿಲಕವೂ ಇಲ್ಲ. ಊಟದ ಬಿಡುವಿನಲ್ಲಿ ಒಂದು ಟೈರನ್ನು ಉರುಳಿಸಿ ಬಾಗಿಲಿಗೆ ಅಡ್ಡ ಇಟ್ಟು, ಇನ್ನೊಂದರ ಮೇಲೆ ಕೂತು, ಕೈಪಂಪಿನಿಂದ ಹಾಲು ತೆಗೆಯುತ್ತಿದ್ದಳು. ಐಸ್ ತುಂಬಿದ ಚೀಲದಲ್ಲಿ ಆ ಪುಟ್ಟ ಬಾಟಲಿಗಳನ್ನು ಮನೆಗೆ ತರುತ್ತಿದ್ದಳು. ಬಂದ ಕೂಡಲೇ ನಾನು ಅವನ್ನು ಫ್ರಿಜ್ಜಿನ ಮೇಲಿನ ಅಡ್ಡಹಲಗೆಯಲ್ಲಿ, ಹಿಂಬದಿಗೆ ತಳ್ಳಿ ಇಡುತ್ತಿದ್ದೆ. ಮರುದಿನ ಅವಳು ಸ್ಟೀರಿಂಗ್ ಹಿಡಿದಿರುವಾಗ ಮಗು ನನ್ನ ಮಡಿಲಲ್ಲಿ ಅದನ್ನು ಕುಡಿಯುತ್ತಿತ್ತು. ಈ ಇಡೀ ವ್ಯವಸ್ಥೆ ನಿಂತಿದ್ದದ್ದು ನಿಮ್ಮ ಡಬ್ಬದ ಮೇಲೆ.

ಒಂದು ಬೆಳಿಗ್ಗೆ ಮಗು ಬಾಯಿಗಿಟ್ಟ ಹಾಲನ್ನು ಉಗುಳಿತು. ಮೂಸಿ ನೋಡಿದೆ, ಹುಳಿ ವಾಸನೆ. ಫ್ರಿಜ್ಜಿನೊಳಗೆ ಕೈಯಿಟ್ಟರೆ ಬೀರುವಿನೊಳಗೆ ಕೈಯಿಟ್ಟ ಹಾಗಿತ್ತು. ಮೇಲೆ ಫ್ರೀಜರಿನಲ್ಲಿ ಐಸ್ ಇತ್ತು, ಕೆಳಗೆ ತಂಪಿನ ಸುಳಿವಿರಲಿಲ್ಲ. ಫ್ರೀಜರಿನಲ್ಲೇ ಇಡಬಹುದಿತ್ತಲ್ಲ ಎಂದು ಬುದ್ಧಿವಂತರು ಕೇಳಬಹುದು. ಇಟ್ಟೆವು. ಗಟ್ಟಿಮಾಡಿ ಕರಗಿಸಿದ ಹಾಲಿಗೆ ನಮ್ಮ ಮಹಾರಾಣಿ ತುಟಿಯನ್ನೇ ಬಿಚ್ಚಲಿಲ್ಲ.

ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಸಕ್ಕರೆಯಲ್ಲಿ ಅದ್ದಿದ ಹೆಣ್ಣುದನಿಯೊಂದು, "ಫ್ರಿಜ್ ಒಳಗಿನ ದೀಪ ಉರಿಯುತ್ತಿದ್ದರೆ ಒಂದನ್ನು ಒತ್ತಿ, ಉರಿಯದಿದ್ದರೆ ಎರಡನ್ನು ಒತ್ತಿ" ಎಂದಿತು. ದೀಪ ಉರಿಯುತ್ತಿತ್ತು, ಒಂದನ್ನು ಒತ್ತಿದೆ. "ಅಭಿನಂದನೆಗಳು, ನಿಮ್ಮ ಫ್ರಿಜ್ ಚಾಲನೆಯಲ್ಲಿದೆ" ಎಂದು ಹೇಳಿ, ಒಂದಷ್ಟು ಉಪದೇಶ ಮಾಡಿ, ಲೈನ್ ಕಡಿಯಿತು. ಅಭಿನಂದನೆಗಳಂತೆ! ಒಂದು ಕೈಯಲ್ಲಿ ಹುಳಿ ಹಾಲಿನ ಬಾಟಲಿ, ಸೊಂಟದಲ್ಲಿ ಹಸಿದು ಕಿರುಚುವ ಕೂಸು. ಯಾರಿಗೆ, ಯಾವ ಸಾಧನೆಗೆ ಅಭಿನಂದನೆ ಸ್ವಾಮಿ?

ಆದರೂ ಉಪದೇಶವನ್ನು ಅಕ್ಷರಶಃ ಪಾಲಿಸಿದೆವು. ಗೋಡೆಯಿಂದ ದೂರ ಇಡಿ ಎಂದಿರಿ. ಅಳಿಯ ಬೇಕರಿಯ ಪಾಳಿ ಮುಗಿಸಿ ಬಂದವನು ಬಟ್ಟೆ ಕೂಡ ಬದಲಿಸದೆ ಫ್ರಿಜ್ಜನ್ನು ತಬ್ಬಿ ಎಳೆದ. ಹಿಂದಿನ ಕೊಳವೆಗಳ ಮೇಲೆ ಕಂಬಳಿಯಷ್ಟು ದಪ್ಪ ಧೂಳಿತ್ತು, ಬ್ರಶ್ಶಿನಿಂದ ಉಜ್ಜಿ ತೆಗೆದೆವು. ಕಳೆದುಹೋಗಿತ್ತೆಂದು ಮರೆತೇಬಿಟ್ಟಿದ್ದ ಒಂದು ಚಮಚ ಸಿಕ್ಕಿತು; ಈ ಪ್ರಕರಣದಲ್ಲಿ ನಿಮ್ಮಿಂದ ನಮಗಾದ ಏಕೈಕ ಲಾಭ ಅದು. ಬಾಗಿಲ ಸುತ್ತಲಿನ ರಬ್ಬರ್ ಪಟ್ಟಿಯನ್ನು ಸೋಪಿನ ನೀರಿನಿಂದ ಒರೆಸಿದೆ. ಕಾಗದದ ಚೂರೊಂದನ್ನು ಬಾಗಿಲಿಗೆ ಸಿಕ್ಕಿಸಿ ಎಳೆದು ನೋಡಿದೆ; ಕಾಗದ ಹರಿಯಿತೇ ಹೊರತು ಜಾರಲಿಲ್ಲ, ಅಂದರೆ ಪಟ್ಟಿ ಗಟ್ಟಿಯಾಗಿಯೇ ಇತ್ತು. ಸಾಮಾನು ತುರುಕಬೇಡಿ ಎಂದಿರಿ, ಖಾಲಿ ಮಾಡಿದೆವು. ಬಿಸಿಯದನ್ನು ಇಡಬೇಡಿ ಎಂದಿರಿ, ಆ ಅಭ್ಯಾಸವಂತೂ ನಮ್ಮ ಮನೆಯಲ್ಲಿ ಮೊದಲಿಂದಲೂ ಇಲ್ಲ. ತಂಪಿನ ಗುಂಡಿಯನ್ನು ತುದಿಯವರೆಗೆ ತಿರುಗಿಸಿದೆವು. "ಅತ್ತೆ, ಇಷ್ಟು ಸೇವೆ ದೇವರಿಗೆ ಮಾಡಿದ್ರೆ ಇಷ್ಟೊತ್ತಿಗೆ ಪ್ರತ್ಯಕ್ಷ ಆಗಿರ್ತಿದ್ದ" ಅಂದ ಅಳಿಯ. ದೇವರೂ ಬರಲಿಲ್ಲ, ತಂಪೂ ಬರಲಿಲ್ಲ.

ಮತ್ತೆ ಮತ್ತೆ ಫೋನ್ ಮಾಡಿ, ಯಾವ ಗುಂಡಿಯನ್ನೂ ಒತ್ತದೆ ಮೊಂಡು ಬಿದ್ದು ಕಾದ ಮೇಲೆ ಜೀವಂತ ಮನುಷ್ಯರೊಬ್ಬರು ಸಿಕ್ಕಿದರು, ಮೆಕ್ಯಾನಿಕ್ಕನನ್ನು ಕಳಿಸಿದರು. ಅವನು ಬಾಗಿಲು ತೆರೆದ, ಮೊಬೈಲು ಎತ್ತಿದ, ದೀಪದ ಫೋಟೋ ತೆಗೆದ, ಬಾಗಿಲು ಮುಚ್ಚಿದ.

"ಏನಪ್ಪಾ, ಕೈಯಾದ್ರೂ ಒಳಗಿಟ್ಟು ನೋಡಬಾರ್ದಾ?"

"ಲೈಟ್ ಉರೀತಿದೆಯಲ್ಲಮ್ಮ. ಆ್ಯಪಲ್ಲಿ ಇರೋದು ಎರಡೇ, ಲೈಟ್ ಇದೆ, ಲೈಟ್ ಇಲ್ಲ. ಇದ್ರೆ ಫೋಟೋ ಹಾಕ್ಬೇಕು, ಕ್ಲೋಸ್ ಮಾಡ್ಬೇಕು."

"ಹಾಲು ಕೆಟ್ಟಿದೆ ಅಂತ ಎಲ್ಲಿ ಹಾಕ್ತೀಯ?"

"ಅದಕ್ಕೆ ಜಾಗ ಕೊಟ್ಟಿಲ್ಲ."

ಅವನು ಮೆಟ್ಟಿಲಿಳಿಯುವ ಮೊದಲೇ ನನ್ನ ಮೊಬೈಲಿಗೆ ಸಂದೇಶ ಬಂತು: ‘ನಿಮ್ಮ ದೂರನ್ನು ಪರಿಹರಿಸಲಾಗಿದೆ.’ ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ಕೈಗೆ ಆ ಎರಡು ಉತ್ತರಗಳನ್ನು ಮಾತ್ರ ಕೊಟ್ಟು, ಬಾಕಿ ಎಲ್ಲಕ್ಕೂ ಕಣ್ಣು ಮುಚ್ಚಿಕೋ ಎಂದು ಕಳಿಸಿದವರ ಮೇಲೆ ನನಗೆ ಹೇಸಿಗೆಯಿದೆ.

ಮುಂದೆ ನಡೆದದ್ದನ್ನು ಗಮನವಿಟ್ಟು ಓದಿ, ನಿಮ್ಮ ಕೆಲಸವನ್ನು ನಾನು ಪುಕ್ಕಟೆಯಾಗಿ ಮಾಡಿಕೊಟ್ಟಿದ್ದೇನೆ. ತಂತಿ ದುರಸ್ತಿಗೆಂದು ನಮ್ಮ ಬೀದಿಯಲ್ಲಿ ಒಮ್ಮೆ ಇಡೀ ದಿನ ಕರೆಂಟು ತೆಗೆದರು. ಫ್ರಿಜ್ಜಿನಿಂದ ನೀರು ಸುರಿದು ಅಡುಗೆಮನೆಯೆಲ್ಲ ರಾಡಿಯಾಯಿತು. ಕರೆಂಟು ಬಂದ ಮೇಲೆ ನೋಡಿದರೆ ಒಳಗೆ ಕೈ ಕೊರೆಯುವಷ್ಟು ತಂಪು! ಒಂದು ವಾರ ಸುಖವಾಗಿತ್ತು. ಆಮೇಲೆ ಫ್ರೀಜರಿನ ಹಿಂದೆ ಏನೋ ಕರಕರ ಉಜ್ಜುವ ಸದ್ದು ಶುರುವಾಯಿತು. ಕ್ರಮೇಣ ಆ ಸದ್ದೂ ನಿಂತಿತು, ಅದರ ಜೊತೆ ತಂಪೂ ಹೋಯಿತು. ಜೀವಮಾನವೆಲ್ಲ ಯಂತ್ರದ ಸದ್ದು ಕೇಳಿಕೊಂಡು ಬದುಕಿದವಳಿಗೆ ಇಷ್ಟು ಸಾಕು. ಫ್ರೀಜರಿನ ಹಿಂಬದಿಯ ಹಲಗೆಯ ಆಚೆ ಐಸ್ ಬೆಳೆಯುತ್ತಿದೆ. ಅದು ಫ್ಯಾನಿಗೆ ತಗುಲಿ, ಕೊನೆಗೆ ಫ್ಯಾನನ್ನೇ ಹಿಡಿದು ನಿಲ್ಲಿಸಿ, ತಂಪುಗಾಳಿ ಕೆಳಗಿಳಿಯುವ ದಾರಿಯನ್ನು ಮುಚ್ಚುತ್ತಿದೆ. ಆಗಾಗ ಆ ಐಸನ್ನು ಕರಗಿಸಬೇಕಾದ ಭಾಗ ಕೆಟ್ಟಿದೆ. ಇಷ್ಟೇ ರೋಗ.

ನಾವೇ ಆಗಾಗ ಫ್ರಿಜ್ ಆರಿಸಿ ಐಸ್ ಕರಗಿಸಲೂ ನೋಡಿದೆವು. ಆದರೆ ಆ ದಿನ ಹಾಲನ್ನು ಎಲ್ಲಿಡುವುದು? ಪಕ್ಕದ ಮನೆಯಾಕೆಯನ್ನು ಕೇಳಿದರೆ, "ಹಸುವಿನ ಹಾಲಾದ್ರೆ ಇಡಿ ಅಕ್ಕ, ಇದನ್ನ ಇಟ್ರೆ ನಮ್ಮನೇಲಿ ಯಾರೂ ಫ್ರಿಜ್ಜಲ್ಲಿರೋದನ್ನ ಮುಟ್ಟಲ್ಲ" ಎಂದು ಮೂಗು ಮುರಿದಳು. ಹೊರಗಿನ ರಿಪೇರಿಯವರನ್ನು ಕರೆಸೋಣವೆಂದರೆ, ಬೇರೆಯವರು ಕೈ ಹಚ್ಚಿದರೆ ಗ್ಯಾರಂಟಿ ರದ್ದು ಎಂದು ನೀವೇ ಅಚ್ಚು ಹಾಕಿಸಿದ್ದೀರಿ. ನೀವು ಮುಟ್ಟುವುದಿಲ್ಲ, ಬೇರೆಯವರನ್ನು ಮುಟ್ಟಗೊಡುವುದಿಲ್ಲ. ಇದಕ್ಕೆ ಗ್ಯಾರಂಟಿ ಎಂದು ಹೆಸರಿಟ್ಟವರ ತಲೆಗೆ ಬಹುಮಾನ ಕೊಡಬೇಕು.

ಕೊನೆಗೆ ನನಗೆ ರೇಗಿತು. ಕುರ್ಚಿ ಹತ್ತಿ, ಫ್ರಿಜ್ಜಿನ ಬಲ್ಬನ್ನು ತಿರುಗಿಸಿ ಬಿಚ್ಚಿ ಸೆರಗಿಗೆ ಗಂಟು ಹಾಕಿಕೊಂಡೆ. ಫೋನ್ ಮಾಡಿ ಎದೆ ತಟ್ಟಿಕೊಂಡು ಎರಡನ್ನು ಒತ್ತಿದೆ. ಅಬ್ಬಾ, ನಿಮ್ಮ ವಿಭಾಗದಲ್ಲಿ ಇಷ್ಟು ಚುರುಕು ಅಡಗಿದೆಯೆಂದು ಯಾರಿಗೆ ಗೊತ್ತಿತ್ತು! ಮಲಗಿದ ಮಗು ಏಳುವುದರೊಳಗೆ ಅದೇ ಮೆಕ್ಯಾನಿಕ್ ಏದುಸಿರು ಬಿಡುತ್ತ ಬಾಗಿಲಲ್ಲಿದ್ದ, ‘ತುರ್ತು’ ಅಂತೆ. ನಾನು ಖುಷಿಯಿಂದ ಐಸಿನ ಪುರಾಣವನ್ನೆಲ್ಲ ಒಪ್ಪಿಸಿದೆ. ಅವನು ತಲೆಯಾಡಿಸುತ್ತ ಕೇಳಿದ. "ನೀವು ಹೇಳೋದು ಸರಿನೇ ಅಮ್ಮ" ಅಂದ. ನಂತರ ಚೀಲದಿಂದ ಹೊಸ ಬಲ್ಬು ತೆಗೆದು ಹಾಕಿದ, ಫೋಟೋ ತೆಗೆದ.

"ಅಯ್ಯೋ, ಹಿಂದಿನ ಹಲಗೆ ಬಿಚ್ಚಪ್ಪ!"

"ಲೈಟ್ ಬಂದ್ಮೇಲೆ ಬಿಚ್ಚೋ ಹಾಗಿಲ್ಲಮ್ಮ. ಬಿಚ್ಚಿದ್ರೆ ನನ್ನನ್ನ ಕೇಳ್ತಾರೆ."

ಕೆಟ್ಟ ಹಾಲಿನ ಬಾಟಲಿಯನ್ನು ಅವನ ಮೂಗಿಗೆ ಹಿಡಿದೆ. ಮುಖ ತಿರುಗಿಸಿ, "ನಂಗೂ ಮನೇಲಿ ಮಗು ಇದೆಯಮ್ಮ" ಅಂದವನೇ ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದ. ‘ದೀಪವನ್ನು ಸರಿಪಡಿಸಲಾಗಿದೆ, ನಿಮ್ಮ ಸಂತೋಷವೇ ನಮ್ಮ ಸಂತೋಷ’ ಎಂದು ಸಂದೇಶ ಬಂತು. ಹಳೆಯ ಬಲ್ಬು ನನ್ನ ಸೆರಗಿನಲ್ಲೇ ಇತ್ತು.

ಮಗುವನ್ನು ಎತ್ತಿಕೊಂಡು ನಿಮ್ಮ ಕಚೇರಿಗೇ ಬಂದೆ. ನೀವು ಸಭೆಯಲ್ಲಿದ್ದಿರಿ, ನೀವು ಸದಾ ಸಭೆಯಲ್ಲಿರುತ್ತೀರಿ, ಅದಕ್ಕೆ ನನ್ನ ತಕರಾರಿಲ್ಲ. ಗಾಜಿನ ಬಾಗಿಲು ದಾಟಿದರೆ ಸಾಲಾಗಿ ಹೊಚ್ಚ ಹೊಸ ಫ್ರಿಜ್ಜುಗಳು, ಎಲ್ಲದರ ಬಾಗಿಲೂ ತೆರೆದು, ಎಲ್ಲದರೊಳಗೂ ದೀಪ ಝಗಝಗ. ಒಂದರಲ್ಲಿ ಯಾರದೋ ಹೆಲ್ಮೆಟ್ ಇತ್ತು. ಇನ್ನೊಂದರ ತರಕಾರಿ ಡಬ್ಬಿಯಲ್ಲಿ ಒಂದು ಜೊತೆ ಚಪ್ಪಲಿ. ಒಳಗೆ ಕೈಯಿಟ್ಟು ನೋಡಿದೆ, ಬೆಚ್ಚಗಿತ್ತು.

"ಇದ್ಯಾಕಮ್ಮ ತಣ್ಣಗಿಲ್ಲ?" ಎಂದು ಮೇಜಿನ ಹಿಂದೆ ಕೂತಿದ್ದ ಹುಡುಗಿಯನ್ನು ಕೇಳಿದೆ.

"ಅದು ಡೆಮೊ ಮೇಡಂ, ತಣ್ಣಗಾಗಲ್ಲ. ಲೈಟ್ ಮಾತ್ರ ಬರುತ್ತೆ."

ಆಗ ನನಗೆ ಎಲ್ಲವೂ ಅರ್ಥವಾಯಿತು, ಮಾನ್ಯರೇ. ನೀವು ದಿನಾ ಆ ಸಾಲನ್ನು ದಾಟಿ ನಿಮ್ಮ ಕೋಣೆಗೆ ಹೋಗುತ್ತೀರಿ. ಫ್ರಿಜ್ ಎಂದರೆ ದೀಪವಿರುವ ಬೀರು ಎಂದೇ ನೀವು ನಂಬಿದ್ದೀರಿ. ಚಪ್ಪಲಿ ಇಡುವವರಿಗೆ ಅದರಿಂದ ತೊಂದರೆಯೇನೂ ಇಲ್ಲ. "ನಮ್ಮನೆಗೂ ಡೆಮೊನೇ ಕೊಟ್ಟಿದ್ದೀರ ಕಣಮ್ಮ" ಎಂದೆ. ಆ ಹುಡುಗಿ ನಗು ತಡೆದುಕೊಳ್ಳಲು ಮಗುವಿನ ಕೆನ್ನೆ ಮುಟ್ಟಿದಳು.

ಇಲ್ಲಿಯವರೆಗಿನದು ತಮಾಷೆ. ನಗುವವರು ಇಲ್ಲಿಗೆ ನಗು ಮುಗಿಸಬಹುದು.

ಆ ವಾರದಲ್ಲೇ ಒಂದು ಸಂಜೆ ಮಗಳು ಕೆಲಸದಿಂದ ಬಂದಾಗ ಐಸ್ ಚೀಲ ಖಾಲಿಯಿತ್ತು.

"ಇವತ್ತು ಹಾಲು ತೆಗೀಲಿಲ್ವೇನೇ?"

"ಇಲ್ಲಮ್ಮ."

"ಯಾಕೆ, ಬಿಡುವು ಸಿಗ್ಲಿಲ್ವಾ?"

"ಸಿಕ್ತು. ಟೈರ್ ಮೇಲೆ ಕೂತ್ಕೊಂಡೂ ಇದ್ದೆ. ಬಚ್ಚಲಿಗೆ ಚೆಲ್ಲೋಕೆ ಯಾಕೆ ತೆಗೀಬೇಕು ಅನ್ನಿಸ್ತು, ಎದ್ದು ಬಂದೆ."

ನೀರು ಕುಡಿಯಲು ಫ್ರಿಜ್ಜಿನ ಬಾಗಿಲು ತೆರೆದಳು. ಬೆಳಕು ಅವಳ ಮುಖದ ಮೇಲೆ ಬಿತ್ತು. ಬಾಟಲಿ ತೆಗೆಯದೆ ಹಾಗೇ ನಿಂತಳು. "ಲೈಟ್ ಮಾತ್ರ ಚೆನ್ನಾಗಿದೆ" ಅಂದು ಬಾಗಿಲು ಮುಚ್ಚಿ, ಮಗುವನ್ನು ಎತ್ತಿಕೊಂಡು ಕೋಣೆಗೆ ಹೋದಳು. ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ. ತೆಗೆಯುವುದು ನಿಂತ ಮೇಲೆ ಹಾಲು ಕಡಿಮೆಯಾಗುತ್ತ ಬಂತು, ಈಗ ಪೂರಾ ಬತ್ತಿದೆ. ಮಗು ಡಬ್ಬಿಯ ಪುಡಿಹಾಲು ಕುಡಿಯುತ್ತಿದೆ. ಪುಡಿಹಾಲು ವಿಷವಲ್ಲ, ಮಗು ಗುಂಡಗೆ ಬೆಳೆಯುತ್ತದೆ, ನನಗೂ ಗೊತ್ತು. ಆದರೆ ಯಾವಾಗ ಬಿಡಿಸಬೇಕು ಎಂದು ತೀರ್ಮಾನಿಸಬೇಕಾಗಿದ್ದವಳು ನನ್ನ ಮಗಳು. ಅದನ್ನು ನಿಮ್ಮ ದೀಪ ತೀರ್ಮಾನಿಸಿತು. ನಾಳೆ ನೀವು ಹೊಸ ಫ್ರಿಜ್ಜನ್ನೇ ಹೊತ್ತು ತಂದು ನಿಲ್ಲಿಸಿದರೂ ಅದರೊಳಗೆ ಇಡಲು ಆ ಹಾಲು ಇನ್ನಿಲ್ಲ.

ಆದರೂ ಕೇಳುತ್ತೇನೆ, ಏಕೆಂದರೆ ಇನ್ನೊಂದು ಮನೆಯಲ್ಲಿ ಇನ್ನೊಬ್ಬಳು ಈ ಹೊತ್ತು ಒಂದನ್ನು ಒತ್ತುತ್ತಿರಬಹುದು. ನಿಮ್ಮ ಮೊದಲ ಪ್ರಶ್ನೆಯನ್ನು ಬದಲಿಸಿ. ‘ಒಳಗಿಟ್ಟದ್ದು ತಣ್ಣಗಿದೆಯೇ?’ ಎಂದು ಕೇಳಿ. ಎರಡೇ ಪದ ಸ್ವಾಮಿ, ಟೈಪು ಮಾಡಲು ಬರದಿದ್ದರೆ ನಾನೇ ಬಂದು ಮಾಡಿಕೊಡುತ್ತೇನೆ. ಇಲ್ಲವೆಂದು ಒತ್ತಿದವರ ಮನೆಗೆ ಹಿಂದಿನ ಹಲಗೆ ಬಿಚ್ಚುವ ಅನುಮತಿಯುಳ್ಳವನನ್ನು ಕಳಿಸಿ. ಮತ್ತು ನನ್ನ ದೂರಿನ ಮುಂದೆ ಇರುವ ‘ಪರಿಹರಿಸಲಾಗಿದೆ’ ಎಂಬ ಪದವನ್ನು ಅಳಿಸಿ.

ಅದು ಆಗುವುದಿಲ್ಲವೆಂದಾದರೆ ನೀವೇ ಒಮ್ಮೆ ಬನ್ನಿ. ಮಗಳು ತಂದ ಕೊನೆಯ ಬಾಟಲಿಯನ್ನು ನಾನು ಚೆಲ್ಲಿಲ್ಲ, ಮೇಲಿನ ಅಡ್ಡಹಲಗೆಯಲ್ಲಿ ಹಾಗೇ ಇದೆ. ಮುಚ್ಚಳ ತೆಗೆದು ಮೂಸಿ ನೋಡಿ, ಆಮೇಲೆ ದೂರನ್ನು ಮುಚ್ಚಿ. ಹುಡುಕಲು ಕಷ್ಟವಾಗುವುದಿಲ್ಲ, ದೀಪ ಉರಿಯುತ್ತಿದೆ.

ಇಂತಿ,
ನಿಮ್ಮ ಕಡತದಲ್ಲಿ ತೃಪ್ತ ಗ್ರಾಹಕಿ,
ನಮ್ಮ ಮನೆಯಲ್ಲಿ ಪುಡಿಹಾಲು ಕಲಸುವ ಅಜ್ಜಿ