ಉಕ್ಕಿನಕ್ಕನ ಅಮ್ಮನಿಗೆ ಮುಖವಿಲ್ಲ

ಓದುಗರ ವಿಭಾಗ, ಎರಡನೇ ಮಹಡಿ
ಮಾರ್ಚ್ ೧೧, ಸೋಮವಾರ

ನನ್ನ ಮಸಿಕೈ ಮಗಳಿಗೆ, ನಿನ್ನಮ್ಮ ಬರೆಯುವುದು.

“ಮಾನ್ಯರೇ” ಎಂದು ಶುರುವಾಗುವ ನಿನ್ನ ಪತ್ರ ಶನಿವಾರ ಕೈಸೇರಿತು. ಐದು ವರ್ಷದ ಮೇಲೆ ಬಂದ ಪತ್ರ, ಅದೂ ನಾಲ್ಕೇ ಸಾಲು, ಅದೂ ಓದುಗರ ವಿಭಾಗಕ್ಕೆ. ಈ ವಿಭಾಗದಲ್ಲಿ ಇರುವವಳು ನಾನೊಬ್ಬಳೇ ಎಂದು ನಿನಗೆ ಗೊತ್ತಿಲ್ಲದ್ದೇನಲ್ಲ. ಹೋಗಲಿ, ನಾನೂ ಮಾನ್ಯಳಾಗಿಯೇ ಉತ್ತರ ಬರೆಯೋಣ ಎಂದು ಎರಡು ಸಲ ಕೂತೆ. ಎರಡು ಸಲವೂ ಮೂರನೇ ಸಾಲಿಗೆ ಬರುವಷ್ಟರಲ್ಲಿ ಊಟ ಸರಿಯಾಗಿ ಮಾಡುತ್ತೀಯಾ ಎಂದು ಕೇಳಿಬಿಟ್ಟಿದ್ದೆ. ಆ ಹಾಳೆಗಳನ್ನು ಹರಿದೆ. ಇದು ಹೇಗೆ ಬರುತ್ತದೋ ಹಾಗೆ ಬರಲಿ, ಸಂಪಾದಕರಿಗೆ ನಕಲು ಕಳಿಸುವುದಿಲ್ಲ.

ನೀನು ಕೇಳಿದ್ದು ಇಷ್ಟು: ‘ಉಕ್ಕಿನಕ್ಕ’ ಚಿತ್ರಕಥೆಯ ಎಂಬತ್ತೇಳನೇ ಸಂಚಿಕೆಯ ಬಗ್ಗೆ ಓದುಗರು ಏನೇನು ಬರೆದಿದ್ದಾರೋ ಎಲ್ಲವನ್ನೂ ಕಳಿಸಬೇಕು. ಮುಂದಿನ ಸಂಚಿಕೆಯಲ್ಲಿ ಅವಳ ಅಮ್ಮನ ಮುಖ ಬರೆಯಬೇಕಾಗಿದೆ, ಇಪ್ಪತ್ತನೇ ತಾರೀಖಿಗೆ ಪುಟಗಳು ಮುಗಿಯಬೇಕು. ಸರಿ, ಮೊದಲು ಆಫೀಸಿನ ಕೆಲಸ ಮುಗಿಸುತ್ತೇನೆ.

ತಿಂಗಳಿಗೆ ನಲವತ್ತು ಪತ್ರ ಬಂದರೆ ಹೆಚ್ಚು ಎನ್ನುವ ಮೇಜಿಗೆ ಈ ಸಲ ಮುನ್ನೂರ ಹನ್ನೆರಡು ಬಂದಿವೆ. ಅಂಚೆಯವನು ನಮ್ಮ ಮೆಟ್ಟಿಲು ಹತ್ತಿ ಹತ್ತಿ ನನ್ನ ಮೇಲೆ ಮುನಿಸಿಕೊಂಡಿದ್ದಾನೆ. ಸೇತುವೆ ಕುಸಿಯುವ ಆರು ಪುಟಗಳನ್ನು ಎಲ್ಲರೂ ಬಾಯ್ತುಂಬಾ ಹೊಗಳಿದ್ದಾರೆ. ಉಕ್ಕಿನಕ್ಕ ಸೈಕಲ್ ಅಂಗಡಿಯ ಎಣ್ಣೆ ಕೈಯನ್ನು ಒರೆಸಿಕೊಳ್ಳದೆಯೇ ಹಾರುವುದು ಒಬ್ಬ ಗ್ಯಾರೇಜಿನವನಿಗೆ ಬಹಳ ಹಿಡಿಸಿದೆಯಂತೆ. ಅವಳು ತಡವಾಗಿ ಬಂದದ್ದಕ್ಕೆ ಶಾಲೆಯ ಮಕ್ಕಳು ಬೈದಿದ್ದಾರೆ. ಊರು ಕಾಯುವ ವೀರರ ಕಾವಲು ಕೂಟದಿಂದ ಅವಳಿಗೆ ಬಂದ ಕರೆಯ ಕಾಗದವನ್ನು ಅವಳಮ್ಮ ಬಚ್ಚಿಟ್ಟಿದ್ದರಿಂದಲೇ ತಡವಾಯಿತು ಎಂದು ತಿಳಿದ ಮೇಲೆ, ಬೈಗುಳವೆಲ್ಲ ಆ ತಾಯಿಯ ತಲೆಗೆ ತಿರುಗಿದೆ. ಒಬ್ಬ ನಿವೃತ್ತ ಮೇಷ್ಟ್ರಂತೂ ನಾಲ್ಕು ಪುಟ ಬರೆದು, ಇವಳು ತಾಯಿಯೋ ಖಳನಾಯಕಿಯೋ ಲೇಖಕರು ತೀರ್ಮಾನಿಸಲಿ ಎಂದು ಕೆಳಗೆ ಕೆಂಪು ಗೆರೆ ಎಳೆದಿದ್ದಾರೆ.

ಇನ್ನು ಆ ಕೊನೆಯ ಚೌಕ. ಅಡುಗೆಮನೆ ಬಾಗಿಲಲ್ಲಿ ಕಾಗದವನ್ನು ಬೆನ್ನ ಹಿಂದೆ ಹಿಡಿದು ನಿಂತ ಹೆಂಗಸು, ಕೂದಲಿದೆ, ಕಿವಿಯಿದೆ, ಮುಖದ ಜಾಗದಲ್ಲಿ ಬರೀ ಬಿಳಿ. ಅರುವತ್ತು ಜನ ಅದನ್ನು ಅಚ್ಚಿನ ತಪ್ಪು ಎಂದುಕೊಂಡು ಬೇರೆ ಪ್ರತಿ ಕಳಿಸಿ ಎಂದು ಕೇಳಿದ್ದಾರೆ. ಎಪ್ಪತ್ತನಾಲ್ಕು ಜನ ಆ ಪುಟವನ್ನು ಕತ್ತರಿಸಿ, ಮುಖವನ್ನು ತಾವೇ ಬರೆದು ಕಳಿಸಿದ್ದಾರೆ. ಪೆನ್ಸಿಲ್ಲಿನಲ್ಲಿ, ಬಾಲ್ ಪೆನ್ನಿನಲ್ಲಿ, ಒಬ್ಬಳು ಉಗುರಿನ ಬಣ್ಣದಲ್ಲಿ. ಒಬ್ಬ ಪುಣ್ಯಾತ್ಮ ಮೀಸೆ ಬರೆದಿದ್ದಾನೆ. ಹೆಚ್ಚಿನವು ಅಳುವ ಮುಖಗಳು. ಕೋರೆಹಲ್ಲಿನವು ಒಂಬತ್ತು.

ಮೊದಲ ದಿನ ಲಕೋಟೆ ಬಿಡಿಸಿ ಬಿಡಿಸಿ ಒಳ್ಳೇ ತಮಾಷೆ ಎಂದು ನಗುತ್ತಿದ್ದೆ, ಕಣೇ. ನಾನು ಸಂಚಿಕೆಯನ್ನು ಆಗಿನ್ನೂ ಸರಿಯಾಗಿ ನೋಡಿರಲಿಲ್ಲ. ನೀನು ಎರಡು ವರ್ಷದಿಂದ ನಮಗೆ ಚಿತ್ರ ಬರೆಯುತ್ತಿದ್ದರೂ ನಿನ್ನ ಪುಟಗಳು ನೇರ ಸಂಪಾದಕರ ಕೋಣೆಗೆ ಹೋಗುತ್ತವೆ. ಅಚ್ಚಾಗಿ ಬಂದದ್ದನ್ನು ನಾನು ಸುಮ್ಮನೆ ಒಮ್ಮೆ ತಿರುವಿ ಕಪಾಟಿಗೆ ಹಾಕುತ್ತಿದ್ದೆ. ನಿಧಾನವಾಗಿ ನೋಡುವ ಧೈರ್ಯ ಇರಲಿಲ್ಲ. ಎರಡನೇ ದಿನ ಒಬ್ಬ ಹುಡುಗಿಯ ಪತ್ರ ಬಂತು. ಬೆನ್ನ ಹಿಂದಿನ ಕಾಗದದ ಮೇಲೆ ಒಂದು ಚಿಕ್ಕ ದುಂಡನೆಯ ಗುರುತು ಇದೆಯಲ್ಲ, ಅದೇನು ಎಂದು ಕೇಳಿದ್ದಳು. ಪಕ್ಕದ ಕೋಣೆಯ ಪ್ರೂಫ್ ನೋಡುವವರ ಭೂತಗನ್ನಡಿ ಇಸಿದುಕೊಂಡು ನೋಡಿದೆ. ‘ತಲುಪಿದೆ’ ಎನ್ನುವ ನಮ್ಮ ಆಫೀಸಿನ ಮೊಹರು. ಅಕ್ಷರ ಒಂದೊಂದೂ ಬರೆದಿದ್ದೀಯ. ಆಮೇಲೆ ಕಂಡಿತು, ಬಾಗಿಲಿಗೆ ಒರಗಿ ಒಂದು ಕಾಲಿನ ಮೇಲೆ ಇನ್ನೊಂದನ್ನು ಇಟ್ಟು ನಿಲ್ಲುವುದು ಯಾರು ಎಂದು. ಪ್ರೂಫಿನವರು ಪುಟವನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು, ಚಹಾ ಆರಿಹೋಗುತ್ತದೆ ಎಂದು ಹೇಳಿ ಎದ್ದು ಹೋದರು. ಅವರ ಕೈಯಲ್ಲಿ ಚಹಾ ಇರಲೇ ಇಲ್ಲ.

ಅಂದಮೇಲೆ ಆ ತಾಯಿಯನ್ನು ಬೈದವರೆಲ್ಲ ಬೈದದ್ದು ನನ್ನನ್ನೇ. ಬೈಯಲಿ. ಆದರೆ ಅವರಿಗೆ ಗೊತ್ತಿಲ್ಲದ್ದು ನಿನಗಾದರೂ ಗೊತ್ತಿರಬೇಕು. ಈಗ ಹೇಳದಿದ್ದರೆ ನೀನು ಯಾವುದೋ ಮುಖ ಬರೆದುಬಿಡುತ್ತೀಯ, ಅದು ಅಚ್ಚಾಗಿಬಿಡುತ್ತದೆ.

ಚಿತ್ರಕಲಾ ಶಾಲೆಗೆ ಅರ್ಜಿ ಹಾಕುವಾಗ ವಿಳಾಸಕ್ಕೆ ಆಫೀಸಿನದನ್ನೇ ಕೊಡು ಎಂದವಳು ನಾನೇ, ಮನೆಯ ಅಂಚೆಪೆಟ್ಟಿಗೆಗೆ ಬೀಗವಿಲ್ಲ ಎಂದು. ಆ ಪತ್ರ ಓದುಗರ ಪತ್ರಗಳ ಕಟ್ಟಿನಲ್ಲಿ ಸೇರಿ ಬಂತು. ನನ್ನ ಕೈ ನಿನಗೆ ಗೊತ್ತಲ್ಲ, ಸ್ಕೇಲು ತೂರಿಸಿ ಸರ್ರನೆ ಬಿಡಿಸುವುದು, ಮೊಹರು ಒತ್ತುವುದು, ಆಮೇಲೆ ಓದುವುದು. ಮೊಹರು ಬಿದ್ದ ಮೇಲೆ ನಿನ್ನ ಹೆಸರು ಕಂಡಿತು. ನಿನಗೆ ಸೀಟು ಸಿಕ್ಕಿತ್ತು. ಬಸ್ಸಿನಲ್ಲಿ ಒಂದು ಇಡೀ ದಿನದ ದಾರಿ, ನಾಲ್ಕು ವರ್ಷ. ನಿನ್ನಪ್ಪ ತೀರಿಹೋಗಿ ಆಗಿನ್ನೂ ಎರಡು ವರ್ಷವಾಗಿತ್ತು. ನಾಳೆ ಹೇಳೋಣ ಎಂದುಕೊಂಡೆ. ಮರುದಿನವೂ ಹಾಗೇ ಅಂದುಕೊಂಡೆ. ಸುಟ್ಟು ಹಾಕಬಹುದಿತ್ತು, ಆದರೆ ಮೊಹರು ಬಿದ್ದ ಪತ್ರವನ್ನು ನಾನು ಇವತ್ತಿನವರೆಗೂ ಎಸೆದವಳಲ್ಲ. ‘ಉತ್ತರ ಬೇಕಿಲ್ಲ’ ಎನ್ನುವ ಫೈಲಿಗೆ ಸೇರಿಸಿದೆ. ಎಂಥ ಜಾಗ ಹುಡುಕಿದೆ ನೋಡು.

ಇದುವರೆಗೂ ನಿನಗೆ ಗೊತ್ತಿರುವ ಕಥೆ, ಫೈಲು ಕಟ್ಟಲು ಆಫೀಸಿಗೆ ಬಂದವಳು ನೀನೇ ಅದನ್ನು ಕಂಡುಹಿಡಿದೆಯಲ್ಲ. ಗೊತ್ತಿಲ್ಲದ್ದು ಇದು: ಸೇರುವ ಕೊನೆಯ ದಿನ ಕಳೆದ ಮೇಲೆ ನನಗೆ ಸಂತೋಷವಾಯಿತು. ಸಂಕಟವಲ್ಲ, ಸಂತೋಷ. ಅವತ್ತು ಮನೆಗೆ ಬಂದು ನಿನ್ನ ಕೋಣೆಗೆ ಹೊಸ ಪರದೆ ಹೊಲಿದೆ, ಹೊಲಿಯುತ್ತಾ ಹಾಡು ಗುನುಗಿದೆ. ಪತ್ರ ಬರಲೇ ಇಲ್ಲ ಎಂದು ನೀನು ಊಟ ಬಿಟ್ಟು ಮಲಗಿದ್ದೆ. ನಾನು ತಟ್ಟೆ ಹಿಡಿದು ಬಂದು, ಅವರಿಗೆ ನಿನ್ನ ಬೆಲೆ ಗೊತ್ತಿಲ್ಲ ಬಿಡು ಎಂದು ಸಮಾಧಾನ ಮಾಡಿದೆ. ಅದನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ನೀನು ಆ ಕಾಗದ ಹಿಡಿದು ಅಡುಗೆಮನೆಗೆ ಬಂದು ಮೊಹರಿನ ತಾರೀಖನ್ನೇ ನೋಡುತ್ತಾ ನಿಂತೆ, ತಲೆ ಎತ್ತಲಿಲ್ಲ. “ಎರಡು ತಿಂಗಳಿಂದ ನಿನ್ ಹತ್ರಾನೇ ಇತ್ತಾ ಅಮ್ಮ?” ಎಂದೆ. ನಾನು “ಯಾವುದು?” ಎಂದೆ. ಅಷ್ಟೇ ನಾವು ಕೊನೆಯದಾಗಿ ಆಡಿದ ಮಾತು. ನೀನು ನನ್ನ ಮುಖ ನೋಡದೆಯೇ ಚೀಲ ತುಂಬಿಕೊಂಡು ಹೊರಟೆ. ಆ ಬಿಳಿ ಜಾಗ ಅದೇ ಅಲ್ಲವೇ?

ಹಾಗಾದರೆ ಕೇಳು, ಆಗ ನನ್ನ ಮುಖದಲ್ಲಿ ಅಳು ಇರಲಿಲ್ಲ, ಸಿಟ್ಟು ಇತ್ತು. ಅದೂ ನಿನ್ನ ಮೇಲೆ, ಆ ಫೈಲನ್ನು ಯಾಕೆ ಬಿಚ್ಚಿದಳು ಇವಳು ಎಂದು. ಅಳು ಬಂದದ್ದು ನೀನು ಬೀದಿಯ ತಿರುವು ದಾಟಿದ ಮೇಲೆ. ಸಂಪಾದಕರು ಅಳುವ ಮುಖವೇ ಬರಲಿ, ಓದುಗರ ಕರುಳು ಕಿವುಚುತ್ತದೆ ಎನ್ನುತ್ತಿದ್ದಾರೆ. ನಾನೂ ಮೊನ್ನೆ ಅಳುವ ಮುಖಗಳನ್ನೆಲ್ಲ ಆರಿಸಿ ಕಟ್ಟಿನ ಮೇಲೆ ಇಟ್ಟೆ, ಕೋರೆಹಲ್ಲಿನವನ್ನು ತೆಗೆದು ಡ್ರಾಯರಿಗೆ ಹಾಕಿದೆ. ಆಮೇಲೆ ಎಲ್ಲವನ್ನೂ ತೆಗೆದು ಬಂದ ಕ್ರಮದಲ್ಲೇ ಜೋಡಿಸಿದೆ. ಮುನ್ನೂರ ಹನ್ನೆರಡೂ ಈ ಪಾರ್ಸೆಲಿನಲ್ಲಿವೆ, ಮೀಸೆಯದೂ ಸೇರಿ.

ತಪ್ಪಾಯಿತು, ಮಗಳೇ. ಒಬ್ಬಳೇ ಉಳಿಯುತ್ತೇನೆ ಎನ್ನುವ ಹೆದರಿಕೆಯಲ್ಲಿ ಮಾಡಿದೆ, ಆದರೆ ಹೆದರಿಕೆ ಎಂದ ಮಾತ್ರಕ್ಕೆ ತಪ್ಪು ಚಿಕ್ಕದಾಗುವುದಿಲ್ಲ. ನೀನು ಬೋರ್ಡು ಬರೆಯುವವರ ಹತ್ತಿರ ಏಣಿ ಹತ್ತಿ ಕೆಲಸ ಕಲಿತೆಯಂತೆ, ಸಂಪಾದಕರು ಹೇಳಿದರು. ಆ ಶಾಲೆಯಲ್ಲಿ ಕೂತು ಕಲಿಯಬೇಕಾಗಿದ್ದವಳು. ಆದರೂ ಆ ಸೇತುವೆ ನೋಡಿದೆ. ಒಂದೊಂದು ಮೊಳೆಯೂ ಬೇರೆ ಬೇರೆಯಾಗಿ ಕಿತ್ತು ಬರುತ್ತದೆ. ಅದನ್ನು ನೋಡಿ ನನ್ನ ಎದೆ ತುಂಬಿತು, ಈ ಮಾತನ್ನು ಯಾವ ಓದುಗರೂ ನನ್ನಷ್ಟು ಜೋರಾಗಿ ಹೇಳಲಾರರು.

ಆ ತಾಯಿಯನ್ನು ಕ್ಷಮಿಸು ಎಂದು ನಾನು ಕೇಳುವುದಿಲ್ಲ. ಕಥೆ ನಿನ್ನದು. ಅವಳನ್ನು ಮುಂದಿನ ಸಂಚಿಕೆಯಲ್ಲಿ ಸಾಯಿಸಬೇಕೆಂದು ಐವತ್ತೊಂದು ಜನ ಬರೆದಿದ್ದಾರೆ, ಸಾಯಿಸಿದರೂ ನನಗೆ ಬೇಸರವಿಲ್ಲ. ಮುಖ ಮಾತ್ರ ನಿಜವಾದದ್ದು ಇರಲಿ.

ಬೆನ್ನು ಬಗ್ಗಿಸಿ ಕೂತು ಬರೆಯಬೇಡ. ಕಣ್ಣು ನೋಡಿಕೋ.

ಓದುಗರ ವಿಭಾಗದಿಂದ,
ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ಹೋದ ವರ್ಷ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಒಳಗೆ ನಿಲ್ಲಲಿಲ್ಲ. ಮುಖದ ಎಡಭಾಗ ಸೋತುಬಿಟ್ಟಿದೆ. ನೋವಿಲ್ಲ, ಜೀವಕ್ಕೇನೂ ಅಪಾಯವಿಲ್ಲ. ಸರಿಹೋಗಬಹುದು ಎಂದಿದ್ದರು ಡಾಕ್ಟರು, ಹೋಗಲಿಲ್ಲ. ನೀನು ಕನಿಕರಪಟ್ಟು ಬರುವುದು ಬೇಡವೆಂದು, ನಿನಗೆ ತಿಳಿಸಬಾರದೆಂದು ಸಂಪಾದಕರಿಂದಲೂ ಮಾತು ತೆಗೆದುಕೊಂಡಿದ್ದೆ. ಈಗ ನಾನು ನಕ್ಕರೆ ಅರ್ಧ ನಗುತ್ತೇನೆ, ಇನ್ನರ್ಧ ಸುಮ್ಮನಿರುತ್ತದೆ. ನಿನ್ನ ಲಕೋಟೆಯ ಹಿಂದೆ ವಿಳಾಸವಿದೆ. ಬರುವ ಭಾನುವಾರ ನಿನ್ನ ಬಾಗಿಲ ಹೊರಗೆ ಬಂದು ನಿಲ್ಲುತ್ತೇನೆ. ಮಾತಾಡಬೇಕೆಂದಿಲ್ಲ, ಒಳಗೆ ಕರೆಯಬೇಕೆಂದೂ ಇಲ್ಲ, ಕಿಟಕಿಯಿಂದಲೇ ನೋಡಿ ಬರೆದುಕೋ. ಬೆಳಕು ಯಾವ ಕಡೆಯಿಂದ ಬೀಳಬೇಕು ಎಂದು ಮಾತ್ರ ಕೈಸನ್ನೆ ಮಾಡು, ಹಾಗೆ ತಿರುಗಿ ನಿಲ್ಲುತ್ತೇನೆ.